ಶ್ರವಣಸಾಧನ: ಅದರ ಉಪಯೋಗ ಮತ್ತು ಪಾಲನೆ

ಕನ್ನಡದಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಕಿವಿಯಿಂದ ಗ್ರಹಿಸುವುದು ಒಂದು. ಬಾಯಿಂದ ಪ್ರಶ್ನಿಸುವುದು ಅಥವಾ ಬೇಡುವುದು ಇನ್ನೊಂದು. ಸಂಸ್ಕೃತದಲ್ಲಿ ಈ ಎರಡು ಕ್ರಿಯೆಗಳಿಗೆ ಬೇರೆ ಬೇರೆ ಧಾತುಗಳಿವೆ. ಕನ್ನಡವಾದರೋ ಎರಡನ್ನೂ ಒಂದೇ ಮಾತಿನಲ್ಲಿ ಅಡಕಗೊಳಿಸಿದೆ. ವಿದ್ಯಾರ್ಥಿಗಳ ನಡುವೆ ಬಾಳುವ ನಮಗೆ ಇದರಲ್ಲಿ ಒಂದು ಸತ್ಯವೇ ಗೋಚರಿಸುತ್ತದೆ. ಕಿವಿಯಿಂದ ಕೇಳಲಾರದ ಮಗು ಬಾಯಿಂದ ಕೇಳುವುದನ್ನೂ ಕ್ರಮೇಣ ನಿಲ್ಲಿಸುತ್ತದೆ. ಪಾಠ ತಿಳಿಯದೆ ಹೋದಾಗ ‘ತಿಳಿಯಲಿಲ್ಲ ಗುರುಗಳೇ’ ಎಂದು ಹೇಳಲು ಅದಕ್ಕೆ ಧೈರ್ಯ ಸಾಲದು. ಏಕೆಂದರೆ ತಿಳಿಯದೆ ಹೋದದ್ದು ಯಾವುದೆಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಇಂಥ ಮಗುವಿಗೆ ನಾವು ಸುಲಭವಾಗಿ ಕೊಡುವ ಬಿರುದು ‘ದಡ್ಡ’.

ವಿದ್ಯೆಗೆ ಕಿವಿಯೇ ಹೆಬ್ಬಾಗಿಲೆಂಬುದು ನಮ್ಮ ಹಿರಿಯರು ಬಲ್ಲ ಸಂಗತಿ. ಪಂಡಿತನನ್ನು ಅವರು ‘ಬಹುಶ್ರುತ’ನೆಂದು ಕರೆದರು, ಬಹಳ ಕೇಳಿದವನು ಎಂದು ಅದರ ಅರ್ಥ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳಲ್ಲಿ ಶ್ರವಣವೇ ಮೊದಲನೆಯದು. ಆ ಮೊದಲ ಮೆಟ್ಟಿಲೇ ಮುರಿದಿದ್ದವರಿಗೆ ಆಧುನಿಕ ವಿಜ್ಞಾನವು ಕೊಟ್ಟಿರುವ ಊರುಗೋಲೇ ಶ್ರವಣಸಾಧನ. ಜನರ ಬಾಯಲ್ಲಿ ಅದು ‘ಕಿವಿ ಮೆಷಿನ್’. ಇಂದು ಅದು ಉಪಕಾರಿ ಸಂಘಗಳ ಶಿಬಿರಗಳಲ್ಲಿ, ಸರಕಾರದ ಯೋಜನೆಗಳಲ್ಲಿ, ದಾನಿಗಳ ಔದಾರ್ಯದಿಂದ ಅನೇಕರಿಗೆ ದೊರಕುತ್ತಿದೆ. ಆದರೆ ದೊರೆತ ಸಾಧನಗಳಲ್ಲಿ ಎಷ್ಟು ಕಿವಿಯಲ್ಲಿವೆ, ಎಷ್ಟು ಕಪಾಟಿನಲ್ಲಿವೆ ಎಂಬುದನ್ನು ವಿಚಾರಿಸುವವರು ವಿರಳ. ಸಾಧನವನ್ನು ಕೊಡುವುದು ಒಂದು ದಿನದ ಕೆಲಸ. ಅದನ್ನು ಕಿವಿಯಲ್ಲಿ ಉಳಿಸುವುದು ದಿನದಿನದ ಕೆಲಸ. ಈ ಎರಡನೆಯ ಕೆಲಸವನ್ನು ಕುರಿತು ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಉಪಯುಕ್ತವಾಗಬಹುದಾದ ಕೆಲವು ವಿಷಯಗಳನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೊರತೆಯ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ವರದಿಯ ಮೇರೆಗೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಅವಶ್ಯ. ಇಷ್ಟು ವ್ಯಾಪಕವಾದ ಕೊರತೆಯು ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಕಿವಿಯ ನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ತುಂಬಿದರೆ, ತಮಟೆಯಲ್ಲಿ ರಂಧ್ರವಾದರೆ, ತಮಟೆಯ ಹಿಂದಿನ ಮೂರು ಕಿರಿಯ ಎಲುಬುಗಳ ಚಲನೆ ಕುಂದಿದರೆ ಶಬ್ದವು ಒಳಕ್ಕೆ ಸಾಗುವುದಿಲ್ಲ. ಇಂಥ ದೋಷಗಳಲ್ಲಿ ಹಲವನ್ನು ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿಕೊಂಡಿರುವ ಒಳಗಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳಿವೆ. ಅವು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವೃದ್ಧಾಪ್ಯ, ಅತಿಯಾದ ಗದ್ದಲ, ಕೆಲವು ಔಷಧಿಗಳು, ಮೆದುಳಿನ ಪೊರೆಯ ಜ್ವರ ಮುಂತಾದವುಗಳಿಂದ ಈ ಕೋಶಗಳಿಗೆ ಹಾನಿಯಾಗುತ್ತದೆ. ಶ್ರವಣಸಾಧನದ ಪ್ರಯೋಜನವು ಮುಖ್ಯವಾಗಿ ಇಂಥವರಿಗೆ.

ಇಲ್ಲಿ ವರ್ಣಮಾಲೆಯನ್ನು ಬಲ್ಲವರು ಗಮನಿಸತಕ್ಕ ಒಂದು ಅಂಶವಿದೆ. ಎಲ್ಲ ಅಕ್ಷರಗಳೂ ಕಿವಿಗೆ ಸಮಾನವಲ್ಲ. ಸ್ವರಗಳಲ್ಲಿ ಶಕ್ತಿ ಹೆಚ್ಚು, ಅವುಗಳ ಕಂಪನ ಬಹುಮಟ್ಟಿಗೆ ಮಂದ್ರಸ್ಥಾನದ್ದು. ಶ, ಷ, ಸಗಳೆಂಬ ಊಷ್ಮಾಕ್ಷರಗಳ ಶಕ್ತಿ ಅಲ್ಪ, ಕಂಪನ ಅತ್ಯುಚ್ಚ. ಸಕಾರದ ಸದ್ದು ಸೆಕೆಂಡಿಗೆ 4000 ಕಂಪನಗಳಿಗೂ ಮೇಲೆ ನಿಲ್ಲುತ್ತದೆ. ಒಳಗಿವಿಯ ದೋಷದಲ್ಲಿ ಸಾಮಾನ್ಯವಾಗಿ ಮೊದಲು ಹಾಳಾಗುವುದು ಈ ಉಚ್ಚಸ್ಥಾನವೇ. ತತ್ಪರಿಣಾಮವಾಗಿ ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. ‘ಸಾಲು’, ‘ಹಾಲು’, ‘ಕಾಲು’, ‘ಪಾಲು’ ಈ ನಾಲ್ಕೂ ಅಂಥ ಕಿವಿಗೆ ಒಂದೇ ‘ಆಲು’. ‘ಅವರು ಮಾತಾಡುವುದು ಕೇಳುತ್ತದೆ, ಏನು ಮಾತಾಡುತ್ತಾರೆಂಬುದು ತಿಳಿಯುವುದಿಲ್ಲ’ ಎಂದು ವೃದ್ಧರು ಹೇಳುವ ಮಾತು ನೆಪವಲ್ಲ, ಯಥಾರ್ಥ. ಅಂಥವರೊಡನೆ ಕೂಗಿ ಮಾತನಾಡಿದರೆ ಬಲವಾಗುವುದು ಸ್ವರಗಳೇ ಹೊರತು ವ್ಯಂಜನಗಳಲ್ಲ.

ತರಗತಿಯಲ್ಲಿ ಗುರುತಿಸುವ ಬಗೆ

ನಾಡಿನ ಕಾನೂನು, ಅಂದರೆ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು, ಎರಡೂ ಕಿವಿಗಳಲ್ಲಿ ಮಾತಿನ ಕಂಪನಗಳಿಗೆ 60 ಡೆಸಿಬೆಲ್‌ನಿಂದ 70 ಡೆಸಿಬೆಲ್‌ವರೆಗೆ ಕೊರತೆಯಿದ್ದವರನ್ನು ಮಂದಶ್ರವಣದವರೆಂದೂ 70 ಡೆಸಿಬೆಲ್ ಕೊರತೆಯವರನ್ನು ಕಿವುಡರೆಂದೂ ಗಣಿಸುತ್ತದೆ. ಆದರೆ ಈ ಗಣನೆಗೆ ಬಾರದ 35 ಅಥವಾ 40 ಡೆಸಿಬೆಲ್ ಕೊರತೆಯೂ ಕಲಿಯುವ ವಯಸ್ಸಿನಲ್ಲಿ ಸಣ್ಣದಲ್ಲ. ಸಹಜ ಸಂಭಾಷಣೆಯ ಗಟ್ಟಿತನವೇ ಸುಮಾರು 60 ಡೆಸಿಬೆಲ್. ಶಿಕ್ಷಕರು ದೂರ ನಿಂತು ಮೆಲುದನಿಯಲ್ಲಿ ಹೇಳಿದುದರಲ್ಲಿ ಬಹುಪಾಲು ಇಂಥ ಮಗುವಿಗೆ ತಲಪುವುದಿಲ್ಲ. ಇಂಥ ಮಗು ಪೂರ್ತಿ ಕಿವುಡಲ್ಲದ ಕಾರಣ ಮನೆಯವರಿಗೂ ಸಂಶಯ ಬರುವುದಿಲ್ಲ. ಅದನ್ನು ಮೊದಲು ಕಂಡುಹಿಡಿಯಬಲ್ಲವರು ಉಪಾಧ್ಯಾಯರೇ.

ಅದಕ್ಕೆ ಯಂತ್ರವೇನೂ ಬೇಡ. ಉಕ್ತಲೇಖನವೇ ಉತ್ತಮ ಪರೀಕ್ಷೆ. ಕಪ್ಪುಹಲಗೆ ನೋಡಿ ಬರೆಯುವಾಗ ತಪ್ಪಿಲ್ಲದೆ ಬರೆಯುವ ಹುಡುಗ ಉಕ್ತಲೇಖನದಲ್ಲಿ ಮಾತ್ರ ಎಡವುತ್ತಾನೆ ಎಂದರೆ ದೋಷ ಬುದ್ಧಿಯಲ್ಲಿಲ್ಲ. ಅವನ ತಪ್ಪುಗಳನ್ನು ಪಟ್ಟಿಮಾಡಿ ನೋಡಬೇಕು. ಊಷ್ಮಾಕ್ಷರಗಳು ಬಿಟ್ಟುಹೋಗುವುದು, ಅಲ್ಪಪ್ರಾಣ ಮಹಾಪ್ರಾಣಗಳು ಎಲ್ಲೆಂದರಲ್ಲಿ ಬೆರೆಯುವುದು, ವಿಭಕ್ತಿ ಪ್ರತ್ಯಯಗಳು ಲೋಪವಾಗುವುದು ಇತ್ಯಾದಿಗಳು ಒಟ್ಟಿಗೆ ಕಂಡರೆ ಶಿಕ್ಷಿಸುವ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಮೇಲಿಂದ ಮೇಲೆ ‘ಆಂ?’ ಎನ್ನುವುದು, ಮುಖವನ್ನು ಒಂದೇ ಪಕ್ಕಕ್ಕೆ ತಿರುಗಿಸುವುದು, ಪಕ್ಕದವನು ಎದ್ದಮೇಲೆ ತಾನು ಏಳುವುದು, ಹಿಂದಿನಿಂದ ಕರೆದರೆ ತಿರುಗದಿರುವುದು ಇವು ಇನ್ನುಳಿದ ಲಕ್ಷಣಗಳು. ಕಿವಿ ಸೋರುವ ಮಗುವಂತೂ ತಡವಿಲ್ಲದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಬಿಸಿ ಎಣ್ಣೆ, ಬೆಳ್ಳುಳ್ಳಿಯ ರಸ ಮುಂತಾದವುಗಳನ್ನು ಕಿವಿಗೆ ಹಾಕುವ ರೂಢಿಯನ್ನು ಪೂರ್ತಿಯಾಗಿ ತ್ಯಜಿಸಬೇಕು. ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಕಿವಿ ಕೇಳದಂತಾದರೆ, ವಯಸ್ಸು ಎಷ್ಟೇ ಇರಲಿ, ಅದನ್ನು ತುರ್ತು ರೋಗವೆಂದೇ ಭಾವಿಸಿ ಆ ದಿನವೇ ವೈದ್ಯರನ್ನು ಕಾಣಬೇಕು.

ಶಿಶುಗಳ ವಿಷಯದಲ್ಲಿ ಕಾಲವೇ ಮುಖ್ಯ. ಹುಟ್ಟಿದ ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ದೋಷನಿರ್ಣಯ, ಆರು ತಿಂಗಳೊಳಗೆ ಸಾಧನ ಹಾಗೂ ತರಬೇತಿಯ ಪ್ರಾರಂಭ ಎಂಬುದು ತಜ್ಞರು ಒಪ್ಪಿದ ಕ್ರಮ. ನಮ್ಮ ನಾಡಿಗೆ ಈ ವಿದ್ಯೆಯಲ್ಲಿ ಹೆಮ್ಮೆಪಡುವಂಥ ಒಂದು ಕೇಂದ್ರವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಗಿ, ಶ್ರವಣಪರೀಕ್ಷೆ, ಸಾಧನಗಳ ಆಯ್ಕೆ, ಮಕ್ಕಳ ತರಬೇತಿ ಹಾಗೂ ತಜ್ಞರ ಶಿಕ್ಷಣ ಇವೆಲ್ಲವನ್ನೂ ಒಂದೇ ಆವರಣದಲ್ಲಿ ನಡೆಸಿಕೊಂಡು ಬಂದಿದೆ. ಕೇಂದ್ರ ಸರಕಾರವು 1981ರಿಂದ ಅಂಗವಿಕಲರಿಗೆ ಸಾಧನಗಳನ್ನು ಕೊಳ್ಳಲು ಮತ್ತು ಅಳವಡಿಸಲು ನೆರವಾಗುವ ಯೋಜನೆಯನ್ನು ನಡೆಸುತ್ತಿದೆ.

ಸಾಧನದ ಚರಿತ್ರೆ ಮತ್ತು ರಚನೆ

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಉತ್ಪತ್ತಿಯನ್ನು ವಿವರಿಸುತ್ತ ಕಹಳೆಯ ಹೋಲಿಕೆಯನ್ನು ತಂದಿದ್ದಾನೆ. ನಾಭಿಮೂಲದಿಂದ ಎದ್ದ ಗಾಳಿಯು ಕಹಳೆಯ ರೀತಿಯಲ್ಲಿ ಶಬ್ದವಾಗುತ್ತದೆ ಎಂಬುದು ಅವನ ಮತ. ಸೋಜಿಗವೆಂದರೆ ಶಬ್ದವನ್ನು ಕೇಳಿಸುವ ಮೊದಲ ಸಾಧನವೂ ಕಹಳೆಯೇ. ಆದರೆ ತಿರುಗಿಸಿ ಹಿಡಿದ ಕಹಳೆ. ಅಗಲವಾದ ಬಾಯಿ ಮಾತನಾಡುವವನ ಕಡೆಗೆ, ಕಿರಿದಾದ ತುದಿ ಕಿವಿಗೆ. ಜರ್ಮನಿಯ ಸಂಗೀತರಚಕ ಬೀಥೋವನ್ (1770–1827) ಬಳಸಿದ ಇಂಥ ಕರ್ಣಕಹಳೆಗಳು ಬಾನ್ ನಗರದಲ್ಲಿ ಅವನು ಹುಟ್ಟಿದ ಮನೆಯ ಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ಯುತ್ತಿನ ಸಾಧನಗಳು ಬಂದವು. 1947ರಲ್ಲಿ ಟ್ರಾನ್ಸಿಸ್ಟರ್ ಆವಿಷ್ಕಾರವಾದ ಮೇಲೆ, 1952ರ ಕೊನೆಗೆ ಅದನ್ನು ಅಳವಡಿಸಿಕೊಂಡ ಮಾರಾಟದ ಮೊದಲ ವಸ್ತುಗಳಲ್ಲಿ ಶ್ರವಣಸಾಧನವೇ ಒಂದಾಯಿತು. ಟ್ರಾನ್ಸಿಸ್ಟರ್ ರೇಡಿಯೊ ಬಂದದ್ದು ಅನಂತರ. 1990ರ ದಶಕದ ಮಧ್ಯದಿಂದ ಶಬ್ದವನ್ನು ಅಂಕಿಗಳಾಗಿ ಪರಿವರ್ತಿಸಿ ಸಂಸ್ಕರಿಸುವ ಡಿಜಿಟಲ್ ಸಾಧನಗಳು ಪ್ರಚಾರಕ್ಕೆ ಬಂದವು. ಈಗಿನ ಸಾಧನಗಳಲ್ಲಿ ಕೆಲವು ಮೊಬೈಲ್ ಫೋನಿನ ಮಾತನ್ನು ನೇರವಾಗಿ ಕಿವಿಗೆ ಮುಟ್ಟಿಸಬಲ್ಲವು.

ರೂಪ ಯಾವುದಾದರೂ ಒಳಗಿನ ಅಂಗಗಳು ನಾಲ್ಕೇ. ಶಬ್ದವನ್ನು ಹಿಡಿಯುವ ಮೈಕ್ರೊಫೋನ್. ಹಿಡಿದುದನ್ನು ಸಂಸ್ಕರಿಸಿ ವರ್ಧಿಸುವ ವರ್ಧಕ. ವರ್ಧಿಸಿದುದನ್ನು ಪುನಃ ಶಬ್ದವಾಗಿ ಕಿವಿಗೆ ಒಪ್ಪಿಸುವ ರಿಸೀವರ್. ಇವೆಲ್ಲಕ್ಕೂ ಅನ್ನ ನೀಡುವ ಸೆಲ್ಲು. ಜೇಬಿನಲ್ಲಿಟ್ಟು ತಂತಿಯಿಂದ ಕಿವಿಗೆ ಕೂಡಿಸುವ ಹಳೆಯ ಮಾದರಿ, ಕಿವಿಯ ಹಿಂದೆ ಕೊಕ್ಕೆಯಂತೆ ಕೂರುವ ಮಾದರಿ, ಕಿವಿಯ ನಾಳದೊಳಗೇ ಅಡಗುವ ಮಾದರಿ ಎಂದು ಮುಖ್ಯವಾಗಿ ಮೂರು ಬಗೆ. ಮಕ್ಕಳಿಗೆ ಕಿವಿಯ ಹಿಂದಿನ ಮಾದರಿಯೇ ಉತ್ತಮ. ಏಕೆಂದರೆ ಮಗು ಬೆಳೆದಂತೆ ಕಿವಿ ಬೆಳೆಯುತ್ತದೆ. ಆಗ ಇಡೀ ಸಾಧನವನ್ನು ಬದಲಿಸದೆ, ಕಿವಿಯ ಅಳತೆಗೆ ಎರಕಹೊಯ್ದ ಅಚ್ಚನ್ನು ಮಾತ್ರ ಬದಲಿಸಿದರೆ ಸಾಕು. ಮೋಲ್ಡ್ ಎಂದು ಕರೆಯುವ ಈ ಅಚ್ಚು ಸರಿಯಾಗಿದ್ದರೆ ಅರ್ಧ ಕೆಲಸ ಆದಂತೆಯೇ.

ಕನ್ನಡಕವನ್ನು ಕಣ್ಣಿನ ಪರೀಕ್ಷೆಯಿಲ್ಲದೆ ಧರಿಸಬಾರದಷ್ಟೆ? ಅದೇ ಮೇರೆಗೆ ಶ್ರವಣಸಾಧನವನ್ನೂ ಪರೀಕ್ಷೆಯಿಲ್ಲದೆ ಧರಿಸಬಾರದು. ಯಾವ ಕಂಪನದಲ್ಲಿ ಎಷ್ಟು ಕೊರತೆಯೆಂಬುದನ್ನು ಆಡಿಯೋಗ್ರಾಮ್ ಎಂಬ ನಕ್ಷೆ ತೋರಿಸುತ್ತದೆ. ಶ್ರವಣತಜ್ಞರು ಆ ನಕ್ಷೆಗೆ ಅನುಗುಣವಾಗಿ ಸಾಧನವನ್ನು ಹೊಂದಿಸುತ್ತಾರೆ. ಒಬ್ಬರಿಗೆ ಹೊಂದಿಸಿದುದನ್ನು ಮತ್ತೊಬ್ಬರು ಧರಿಸಿದರೆ ಪ್ರಯೋಜನವಾಗುವುದಿಲ್ಲ. ಕೆಲವೊಮ್ಮೆ ಅತಿ ಗಟ್ಟಿಯಾದ ಶಬ್ದದಿಂದ ಉಳಿದ ಶ್ರವಣಕ್ಕೂ ಹಾನಿ. ತಾತನ ಹಳೆಯ ಮೆಷಿನನ್ನು ಮೊಮ್ಮಗನಿಗೆ ತೊಡಿಸುವ ಮಿತವ್ಯಯ ಸಲ್ಲದು.

ಧಾರಣೆ ಮತ್ತು ಅಭ್ಯಾಸ

ಕನ್ನಡಕ ತೊಟ್ಟ ಕ್ಷಣದಲ್ಲೇ ಅಕ್ಷರ ಸ್ಪಷ್ಟವಾಗುತ್ತದೆ. ಶ್ರವಣಸಾಧನ ಹಾಗಲ್ಲ. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮೆದುಳಿಗೆ ಒಮ್ಮೆಲೇ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಕಾಗದ ಸರಿಯುವ ಸದ್ದು ಎಲ್ಲವೂ ನುಗ್ಗಿಬರುತ್ತವೆ. ಸ್ವಂತ ಧ್ವನಿಯೇ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಈ ಗಲಿಬಿಲಿಯಲ್ಲಿ ‘ಇದು ನನಗೆ ಆಗದು’ ಎಂದು ಮೊದಲ ವಾರದಲ್ಲೇ ಸಾಧನವನ್ನು ಡಬ್ಬಿಗೆ ಸೇರಿಸುವ ಹಿರಿಯರು ಬಹಳ. ಅವರು ಹೀಗೆ ಅಭ್ಯಾಸ ಮಾಡಬೇಕು: ಮೊದಲ ಕೆಲವು ದಿನ ಮನೆಯ ನಿಶ್ಶಬ್ದದಲ್ಲಿ, ಒಬ್ಬರೊಡನೆ ಮಾತನಾಡುತ್ತ, ದಿನಕ್ಕೆ ಎರಡು ಮೂರು ಗಂಟೆ, ಮುಂದೆ ಇಬ್ಬರು ಮೂವರೊಡನೆ, ಆಮೇಲೆ ಸಭೆ, ಸಂತೆ, ಬಸ್ ನಿಲ್ದಾಣ. ಕೆಲವು ವಾರಗಳಲ್ಲಿ ಮೆದುಳು ಬೇಡದ ಸದ್ದನ್ನು ಬದಿಗೆ ಸರಿಸಲು ಕಲಿಯುತ್ತದೆ. ಆ ಬಳಿಕವೂ ತೊಂದರೆಯಿದ್ದರೆ ಸಾಧನವನ್ನು ತೆಗೆದಿಡದೆ ತಜ್ಞರಲ್ಲಿಗೆ ಹೋಗಿ ಪುನಃ ಹೊಂದಿಸಿಕೊಳ್ಳಬೇಕು. ಮಕ್ಕಳಾದರೆ ಎಚ್ಚರವಿರುವಷ್ಟು ಹೊತ್ತೂ ಧರಿಸಬೇಕು. ಮಾತು ಕಲಿಯುವುದು ಪಾಠದ ವೇಳೆಯಲ್ಲಿ ಮಾತ್ರವಲ್ಲ. ಅಂಗಳದ ಆಟದಲ್ಲಿ, ಊಟದ ಪಂಕ್ತಿಯಲ್ಲಿ, ಅಜ್ಜಿಯ ಕಥೆಯಲ್ಲಿ.

ಹಿರಿಯರ ಸಂಕೋಚವನ್ನು ಕುರಿತು ಒಂದು ಮಾತು. ಕನ್ನಡಕ ಧರಿಸಿದವನನ್ನು ಲೋಕವು ಓದಿದವನೆಂದು ಭಾವಿಸುತ್ತದೆ. ಶ್ರವಣಸಾಧನ ಧರಿಸಿದವನನ್ನು ಕಂಡರೆ ಮಾತ್ರ ಮರುಕಪಡುತ್ತದೆ. ಇದು ಲೋಕದ ಅವಿವೇಕ. ಕೇಳಿಸದೆಯೇ ತಲೆಯಾಡಿಸಿ, ಒಂದಕ್ಕೆ ಇನ್ನೊಂದು ಉತ್ತರ ಕೊಟ್ಟು, ಕೊನೆಗೆ ಸಭೆಗಳಿಗೆ ಬರುವುದನ್ನೇ ಬಿಡುವುದಕ್ಕಿಂತ ಕಿವಿಯಲ್ಲಿ ಒಂದು ಸಾಧನವಿರುವುದು ಗೌರವಯುತ. ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಾದವರು ಅದನ್ನು ಧರಿಸಿಕೊಂಡು ಶಾಲೆಯ ಸಮಾರಂಭಗಳಿಗೆ ಬಂದರೆ, ಮುಂದಿನ ಸಾಲಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಕಿಲ್ಲ.

ನಿತ್ಯಪಾಲನೆ

ಸಾಧನದ ಶತ್ರುಗಳು ಮೂರು: ತೇವ, ಗುಗ್ಗೆ, ಧೂಳು. ಇವುಗಳಿಂದ ರಕ್ಷಿಸುವುದೇ ಪಾಲನೆಯ ಸಾರ.

ಬೆಳಗಿನ ಕ್ರಮ ಹೀಗಿರಲಿ. ಸ್ನಾನ ಮುಗಿದು, ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಧರಿಸಿ, ಪೌಡರ್ ಲೇಪಿಸಿ, ಕೈ ತೊಳೆದು ಒರೆಸಿಕೊಂಡ ಮೇಲೆ ಕಟ್ಟಕಡೆಗೆ ಸಾಧನ ಧರಿಸಬೇಕು. ನುಣ್ಣನೆಯ ಪುಡಿಯೂ ಎಣ್ಣೆಯ ಜಿಡ್ಡೂ ಮೈಕ್ರೊಫೋನಿನ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚುತ್ತವೆ. ಸ್ನಾನ, ಈಜು, ಕ್ಷೌರಗಳ ವೇಳೆಯಲ್ಲಿ ಅದನ್ನು ತೆಗೆದಿಡಬೇಕು. ಮಳೆಯಲ್ಲಿ ನೆನೆದರೆ ಸೆಲ್ಲು ತೆಗೆದು, ಒಣಬಟ್ಟೆಯಿಂದ ಒರೆಸಿ, ಒಣಡಬ್ಬಿಯಲ್ಲಿಡಬೇಕು. ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಒಯ್ಯಬಾರದು.

ರಾತ್ರಿ ಮಲಗುವಾಗ ಸಾಧನವನ್ನು ನಿಲ್ಲಿಸಿ, ಮೃದುವಾದ ಒಣಬಟ್ಟೆಯಿಂದ ಒರೆಸಿ, ಸೆಲ್ಲಿನ ಬಾಗಿಲನ್ನು ತೆರೆದಿಡಬೇಕು. ಸಿಲಿಕಾ ಜೆಲ್ ಹರಳುಗಳಿರುವ ಬಿಗಿ ಮುಚ್ಚಳದ ಡಬ್ಬಿಯೇ ಅದರ ಹಾಸಿಗೆ. ನೀಲಿ ಹರಳು ನಸುಗೆಂಪಾದರೆ ತೇವ ತುಂಬಿತೆಂದು ತಿಳಿದು ಅದನ್ನು ಬದಲಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಡಬ್ಬಿಯಿಲ್ಲದ ಸಾಧನಕ್ಕೆ ಆಯುಸ್ಸಿಲ್ಲ. ಬಯಲುಸೀಮೆಯ ಬೇಸಗೆಯಲ್ಲಿ ಬೆವರೇ ಮಳೆಗೆ ಸಮಾನ.

ಕಿವಿಯಚ್ಚನ್ನು ದಿನವೂ ಒರೆಸಿ, ವಾರಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆಯುವ ಮೊದಲು ಅಚ್ಚನ್ನೂ ಅದರ ನಳಿಕೆಯನ್ನೂ ಯಂತ್ರದಿಂದ ಬೇರ್ಪಡಿಸಲೇಬೇಕು. ಯಂತ್ರಕ್ಕೆ ನೀರು ಸೋಕಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸಾಬೂನಿನಿಂದ ತೊಳೆದು, ರಬ್ಬರಿನ ಗಾಳಿಬುರುಡೆಯಿಂದ ನಳಿಕೆಯೊಳಗಿನ ಹನಿಯನ್ನು ಹೊರದೂಡಿ, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು. ಸ್ಪಿರಿಟ್ ಬಳಸಬಾರದು. ಗುಗ್ಗೆಯನ್ನು ಸಾಧನದೊಂದಿಗೆ ಬಂದ ಕುಂಚದಿಂದಲೇ ತೆಗೆಯಬೇಕು. ಪಿನ್ನು, ಹೇರ್‌ಪಿನ್ನುಗಳು ಸಾಧನಕ್ಕೂ ಕಿವಿಗೂ ಅಪಾಯ. ನಳಿಕೆಯು ಹಳದಿಯಾಗಿ ಗಡುಸಾದರೆ ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು.

ಸೆಲ್ಲಿನ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ಕಿವಿಯ ಹಿಂದಿನ ಹಾಗೂ ಒಳಗಿನ ಸಾಧನಗಳಲ್ಲಿ ಬಹಳವಾಗಿ ಬಳಸುವುದು ಸತುವಿನ ಸೆಲ್ಲುಗಳನ್ನು. ಅವು ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುತ್ತವೆ. ಅಳತೆಗೊಂದು ಬಣ್ಣ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಸೆಲ್ಲಿನ ಮೇಲಿನ ಬಣ್ಣದ ಚೀಟಿಯನ್ನು ಕಿತ್ತೊಡನೆ ಗಾಳಿ ಒಳಹೊಕ್ಕು ಅದು ಜೀವತಳೆಯುತ್ತದೆ. ಚೀಟಿ ಕಿತ್ತು ಎರಡು ಮೂರು ನಿಮಿಷ ಬಿಟ್ಟು ಸಾಧನಕ್ಕೆ ಹಾಕಿದರೆ ಪೂರ್ಣ ಶಕ್ತಿ ದೊರೆಯುತ್ತದೆ. ಒಮ್ಮೆ ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿದರೆ ಸೆಲ್ಲು ಮೊದಲಿನಂತಾಗದು. ಬಳಸದಿದ್ದರೂ ಅದು ಕ್ಷೀಣಿಸುತ್ತಲೇ ಹೋಗುತ್ತದೆ. ಸಾಧನದ ಶಕ್ತಿಯನ್ನೂ ಬಳಸುವ ಗಂಟೆಗಳನ್ನೂ ಅವಲಂಬಿಸಿ ಒಂದು ಸೆಲ್ಲು ಕೆಲವು ದಿನಗಳಿಂದ ಸುಮಾರು ಎರಡು ವಾರದವರೆಗೆ ಬರುತ್ತದೆ. ಹೊಸ ಸೆಲ್ಲುಗಳನ್ನು ನಾಣ್ಯ, ಬೀಗದ ಕೈಗಳ ಜೊತೆ ಜೇಬಿನಲ್ಲಿಡಬಾರದು. ಕೂಸುಗಳಿರುವ ಮನೆಯಲ್ಲಿ ಬಹಳ ಎಚ್ಚರ ಬೇಕು. ಮಗು ಸೆಲ್ಲನ್ನು ನುಂಗಿದರೆ, ಮೂಗು ಕಿವಿಗಳಲ್ಲಿ ಸಿಕ್ಕಿಸಿಕೊಂಡರೆ, ವಾಂತಿ ಮಾಡಿಸಲು ಯತ್ನಿಸದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ವಿದ್ಯುತ್ತಿನಿಂದ ತುಂಬಿಸಿಕೊಳ್ಳುವ ಸಾಧನಗಳೂ ಈಗ ಬಳಕೆಯಲ್ಲಿವೆ. ಅವನ್ನು ರಾತ್ರಿ ಚಾರ್ಜಿಗೆ ಇಡುವುದನ್ನು ಮರೆಯಬಾರದು.

ಸಣ್ಣ ದೋಷಗಳ ಪರಿಹಾರ

ಸಾಧನ ಕೆಟ್ಟಿತೆಂದು ಕೈಚೆಲ್ಲುವ ಮೊದಲು ಕ್ರಮವಾಗಿ ಪರೀಕ್ಷಿಸಬೇಕು. ಸದ್ದೇ ಇಲ್ಲದಿದ್ದರೆ: ಸಾಧನ ಚಾಲೂ ಆಗಿದೆಯೇ, ಸೆಲ್ಲು ತಿರುವುಮುರುವಾಗಿದೆಯೇ, ಹೊಸ ಸೆಲ್ಲು ಹಾಕಿದರೆ ಸದ್ದು ಬರುತ್ತದೆಯೇ, ಅಚ್ಚಿನ ರಂಧ್ರದಲ್ಲಿ ಗುಗ್ಗೆಯಾಗಲಿ ನಳಿಕೆಯಲ್ಲಿ ನೀರಹನಿಯಾಗಲಿ ಇದೆಯೇ ಎಂದು ನೋಡಬೇಕು. ಜೇಬಿನ ಮಾದರಿಯಾದರೆ ತಂತಿ ಒಳಗೆ ತುಂಡಾಗಿದೆಯೇ ಎಂಬುದನ್ನೂ ನೋಡಬೇಕು. ‘ಕುಯ್’ ಎಂಬ ಸಿಳ್ಳು ಬರುತ್ತಿದ್ದರೆ ಕಿವಿಗೆ ಸೇರಬೇಕಾದ ಶಬ್ದ ಹೊರಗೆ ಸೋರಿ ಮತ್ತೆ ಮೈಕ್ರೊಫೋನಿಗೆ ಬೀಳುತ್ತಿದೆ ಎಂದರ್ಥ. ಅಚ್ಚು ಸರಿಯಾಗಿ ಕೂತಿಲ್ಲ, ಅಥವಾ ಮಗು ಬೆಳೆದು ಅಚ್ಚು ಸಡಿಲವಾಗಿದೆ, ಅಥವಾ ನಳಿಕೆ ಸೀಳಿದೆ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ಸಿಳ್ಳು ನಿಲ್ಲಿಸಲು ಶಬ್ದವನ್ನು ತಗ್ಗಿಸುವುದು ಸುಲಭ. ಆದರೆ ಅದರಿಂದ ಮಗುವಿಗೆ ಕೇಳದಂತಾಗುತ್ತದೆ. ಅಚ್ಚನ್ನು ಬದಲಿಸುವುದೇ ಸರಿಯಾದ ಪರಿಹಾರ. ಇಷ್ಟರಿಂದಲೂ ಸರಿಹೋಗದಿದ್ದರೆ ಸಾಧನವನ್ನು ಬಿಚ್ಚುವ ಸಾಹಸ ಮಾಡದೆ ತಜ್ಞರಿಗೆ ಒಪ್ಪಿಸಬೇಕು.

ಆರು ಧ್ವನಿಗಳ ಪರೀಕ್ಷೆ

ಸಾಧನವು ಸದ್ದು ಮಾಡಿದ ಮಾತ್ರಕ್ಕೆ ಮಾತು ಕೇಳಿತೆಂದಲ್ಲ. ಇದನ್ನು ಪರೀಕ್ಷಿಸಲು ಡೇನಿಯಲ್ ಲಿಂಗ್ ಎಂಬ ತಜ್ಞರು 1970ರ ದಶಕದಲ್ಲಿ ಒಂದು ಸರಳ ವಿಧಾನವನ್ನು ರೂಪಿಸಿದರು. ಮೊದಲು ಐದು ಧ್ವನಿಗಳಿದ್ದು, ಅನಂತರ ಮಕಾರ ಸೇರಿ ಆರಾದವು: ಆ, ಈ, ಊ, ಮ್, ಶ್, ಸ್. ಆರೂ ನಮ್ಮ ವರ್ಣಮಾಲೆಯಲ್ಲಿಯೇ ಇರುವುದರಿಂದ ಕನ್ನಡ ಶಿಕ್ಷಕರಿಗೆ ಇದು ಹೊಸ ವಿದ್ಯೆಯಲ್ಲ. ಮ್ ಮತ್ತು ಊ ಮಂದ್ರಸ್ಥಾನದವು, ಆ ಮಧ್ಯದ್ದು, ಈ ಎಂಬುದು ಮಂದ್ರ, ಉಚ್ಚ ಎರಡರಲ್ಲೂ ಕಾಲಿಟ್ಟದ್ದು, ಶ್ ಉಚ್ಚ, ಸ್ ಅತ್ಯುಚ್ಚ. ಈ ಆರೂ ಕೇಳಿದರೆ ಮಾತಿನ ಇಡೀ ಹರವು ಕೇಳಿದಂತೆ.

ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ, ತುಟಿ ಕಾಣದಂತೆ ನಿಂತು, ಸಹಜ ಧ್ವನಿಯಲ್ಲಿ, ಕ್ರಮ ತಪ್ಪಿಸಿ, ನಡುವಿನ ಬಿಡುವನ್ನೂ ಬದಲಿಸುತ್ತ ಒಂದೊಂದನ್ನೇ ಹೇಳಬೇಕು. ಕೇಳಿದಾಗ ಚಿಕ್ಕ ಮಗು ಕೈಯೆತ್ತಲಿ, ದೊಡ್ಡ ಮಗು ಅದನ್ನೇ ಮರಳಿ ಹೇಳಲಿ. ಪ್ರತಿ ಕಿವಿಯ ಸಾಧನವನ್ನೂ ಪ್ರತ್ಯೇಕವಾಗಿ ನೋಡಬೇಕು. ನಿನ್ನೆ ಆರನ್ನೂ ಕೇಳಿದ ಮಗು ಇಂದು ಸಕಾರವನ್ನು ಕೇಳದಿದ್ದರೆ ಸೆಲ್ಲು ಕುಂದಿರಬಹುದು, ನಳಿಕೆಗೆ ತೇವ ಸೇರಿರಬಹುದು, ಅಥವಾ ಮಗುವಿಗೆ ನೆಗಡಿಯಿಂದ ಕಿವಿ ಕಟ್ಟಿರಬಹುದು. ಒಂದು ಮಗುವಿಗೆ ಇಡೀ ಪರೀಕ್ಷೆಗೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ತಪ್ಪಿದರೆ, ಸತ್ತ ಸೆಲ್ಲನ್ನು ಕಿವಿಗೆ ತೊಟ್ಟು ಮಗು ಇಡೀ ದಿನ ಪಾಠ ಕೇಳಿದಂತೆ ನಟಿಸುತ್ತದೆ. ಸಾಧನ ಕಿವಿಯಲ್ಲಿರುವುದನ್ನು ಕಂಡು ನಾವೂ ಅದಕ್ಕೆ ಕೇಳುತ್ತಿದೆಯೆಂದೇ ನಂಬುತ್ತೇವೆ.

ಉಪಾಧ್ಯಾಯರ ಮಾತು

ಸಾಧನ ಎಷ್ಟು ಉತ್ತಮವಾದರೂ ದೂರವನ್ನು ಗೆಲ್ಲಲಾರದು. ದೂರ ಎರಡು ಪಟ್ಟಾದಂತೆ ಶಬ್ದವು ಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಗದ್ದಲವಾದರೋ ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ. ಆದಕಾರಣ ಇಂಥ ಮಗುವಿಗೆ ಮೊದಲ ಸಾಲಿನಲ್ಲಿ, ಕಿಟಕಿ ಬಾಗಿಲುಗಳಿಂದ ದೂರವಾಗಿ ಸ್ಥಳ ಕೊಡಬೇಕು. ಕಪ್ಪುಹಲಗೆಗೆ ಮುಖಮಾಡಿ ಮಾತನಾಡಬಾರದು; ಬೆಳಕು ಶಿಕ್ಷಕರ ಮುಖದ ಮೇಲಿರಬೇಕು, ಬೆನ್ನಿಗಲ್ಲ.

ಕನ್ನಡ ವಾಕ್ಯದ ರಚನೆಯನ್ನೂ ಇಲ್ಲಿ ಲಕ್ಷಿಸಬೇಕು. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಧ್ವನಿ ತಗ್ಗುವುದೂ ಕೊನೆಗೇ. ‘ನಾಳೆ ಶಾಲೆಗೆ ಬರಬೇಕು’, ‘ನಾಳೆ ಶಾಲೆಗೆ ಬರಬೇಡ’ ಈ ಎರಡು ವಾಕ್ಯಗಳಿಗೆ ವ್ಯತ್ಯಾಸ ಕೊನೆಯ ಒಂದು ಅಕ್ಷರದಲ್ಲಿ. ಬಂದವನು ಅವನೋ ಅವಳೋ, ಕೆಲಸ ಆಯಿತೋ ಇಲ್ಲವೋ ಎಂಬುದೆಲ್ಲ ವಾಕ್ಯದ ಬಾಲದಲ್ಲಿದೆ. ಆದುದರಿಂದ ಧ್ವನಿಯನ್ನು ಕೊನೆಯ ಅಕ್ಷರದವರೆಗೂ ಒಂದೇ ಮಟ್ಟದಲ್ಲಿ ನಡೆಸುವುದು ಕನ್ನಡ ಶಿಕ್ಷಕರ ಕರ್ತವ್ಯ. ತುಟಿ ನೋಡಿ ತಿಳಿದುಕೊಳ್ಳುತ್ತಾರೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಪ, ಬ, ಮ ಮೂರೂ ಓಷ್ಠ್ಯಗಳಾದ್ದರಿಂದ ‘ಪರ’, ‘ಬರ’, ‘ಮರ’ ಕಣ್ಣಿಗೆ ಒಂದೇ. ಕಂಠ್ಯವಾದ ಕವರ್ಗವಂತೂ ಕಣ್ಣಿಗೆ ಕಾಣುವುದೇ ಇಲ್ಲ. ಮಗುವಿಗೆ ತಿಳಿಯದಿದ್ದರೆ ಅದೇ ವಾಕ್ಯವನ್ನು ಕೂಗಿ ಹೇಳುವುದರ ಬದಲು ಬೇರೆ ಪದಗಳಲ್ಲಿ ಹೇಳಬೇಕು. ಹೊಸ ಪದವನ್ನು ಹಲಗೆಯ ಮೇಲೆ ಬರೆಯಬೇಕು.

ತೀವ್ರ ದೋಷವುಳ್ಳ ಕೆಲವರಿಗೆ ಸಾಧನದಿಂದ ಸಾಕಷ್ಟು ಪ್ರಯೋಜನವಾಗದು ಎಂಬುದನ್ನೂ ಹೇಳಬೇಕು. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ನೆರವಾಗುತ್ತದೆ. ಸಂಜ್ಞಾಭಾಷೆಯಲ್ಲಿ ಕಲಿಯುವವರೂ ಇದ್ದಾರೆ. ಅದು ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆಯೇ ಆಗಿದೆ. ಅದನ್ನು ಕೀಳೆಂದು ತಿಳಿಯುವುದು ಭಾಷಾಜ್ಞರಿಗೆ ಶೋಭೆಯಲ್ಲ.

ಕರ್ತವ್ಯ

ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ನೂರು ಸಾಧನಗಳನ್ನು ಒಂದು ದಿನ ಹಂಚಿದ ಭಾವಚಿತ್ರಕ್ಕಿಂತ, ಹತ್ತು ಮಕ್ಕಳ ಸಾಧನಗಳು ಹತ್ತು ವರ್ಷ ಮಾತನಾಡುವಂತೆ ಮಾಡುವುದು ಹೆಚ್ಚಿನ ದಾನ. ಸಾಧನ ಕೊಡುವವರು ಅದರ ಜೊತೆಗೆ ವರ್ಷದ ಸೆಲ್ಲುಗಳಿಗೆ, ಮಗು ಬೆಳೆದಂತೆ ಬೇಕಾಗುವ ಹೊಸ ಅಚ್ಚುಗಳಿಗೆ, ದುರಸ್ತಿಗೆ, ತಜ್ಞರಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚಿಗೆ ಒಂದು ಸಣ್ಣ ನಿಧಿಯನ್ನೂ ಸೇರಿಸಿ ಕೊಡಬೇಕು. ಪ್ರಸಾದನಿಲಯದ ಒಲೆಯನ್ನು ಒಂದು ದಿನ ಉರಿಸಿ ಬಿಟ್ಟರೆ ಮಕ್ಕಳ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಶಾಲೆಯ ಪಾಲಿನ ಕೆಲಸವೂ ದೊಡ್ಡದಲ್ಲ. ಒಬ್ಬ ಶಿಕ್ಷಕರಿಗೆ ಹೊಣೆ ವಹಿಸಬೇಕು. ಹೆಚ್ಚುವರಿ ಸೆಲ್ಲುಗಳು, ಸೆಲ್ಲಿನ ಶಕ್ತಿ ಅಳೆಯುವ ಪುಟ್ಟ ಉಪಕರಣ, ಕುಂಚ, ಗಾಳಿಬುರುಡೆ, ಸಿಲಿಕಾ ಜೆಲ್ ಇಷ್ಟನ್ನು ಒಂದು ಡಬ್ಬಿಯಲ್ಲಿ ಇಡಬೇಕು. ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ಪ್ರಾರ್ಥನೆ ಮುಗಿದ ಕೂಡಲೇ ಸಾಧನ ಧರಿಸುವ ಪ್ರತಿ ಮಗುವಿನ ಹೆಸರಿನ ಮುಂದೆ ಆರು ಧ್ವನಿಗಳನ್ನೂ ಗುರುತಿಸಲಿ. ಮಗು ಶಾಲೆಗೆ ಬಂದಿದೆಯೆಂದು ಮೊದಲ ಪುಸ್ತಕ ಹೇಳುತ್ತದೆ. ಪಾಠ ಮಗುವಿಗೆ ತಲಪುತ್ತದೆಯೆಂದು ಎರಡನೆಯದು ಹೇಳುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಪ್ರಾರಂಭದಲ್ಲೇ ಆ ಎರಡನೆಯ ಪುಸ್ತಕವನ್ನು ತೆರೆಯುವ ಸಂಕಲ್ಪವನ್ನು ಸಹೋದ್ಯೋಗಿಗಳು ಮಾಡಲೆಂದೂ, ಅದಕ್ಕೆ ಬೇಕಾದ ನೆರವನ್ನು ಹಳೆಯ ವಿದ್ಯಾರ್ಥಿಗಳೂ ಹಿತೈಷಿಗಳೂ ಒದಗಿಸಲೆಂದೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.